ತೋಳಿನ ಮೇಲಿನ ಹತ್ತಿ

ಹತ್ತಿ — ತನುಜಳ ಎಡತೋಳಿನ ಮೇಲೆ, ಮೇಲಕ್ಕೆ ಮಡಿಸಿದ ಯೂನಿಫಾರಮ್ಮಿನ ಕೆಳಗೆ, ಟೇಪು ಹಚ್ಚಿದ ಒಂದು ಚೂರು ಬಿಳಿ ಹತ್ತಿ, ನಡುವೆ ಸಾಸಿವೆಯಷ್ಟು ಕೆಂಪು — ಸ್ಕೂಟರು ಜಗಲಿಯ ಮುಂದೆ ನಿಂತದ್ದು ಒಂದು ಗಳಿಗೆ, ಅಷ್ಟರಲ್ಲಿ ಶೋಭಾರಾಣಿಯ ಕಣ್ಣಿಗೆ ಬಿದ್ದದ್ದು ಅದೊಂದೇ, ತನುಜಳ ಅಮ್ಮ ಕಲ್ಯಾಣಿ ಹೆಲ್ಮೆಟ್ಟಿನ ಗಾಜು ಎತ್ತಿ, ಯಾಕೆ ಶೋಭಾ, ನಿನ್ ಮಗಳನ್ನ ಕರ್ಕೊಂಡ್ ಬರ್ಲೇ ಇಲ್ಲ, ಸಂಜೆ ತನಕ ಆಸ್ಪತ್ರೇಲಿ ಸೂಜಿ ಹಾಕ್ತಿರ್ತಾರೆ ಕಣೇ, ಈಗ್ಲೂ ಬಾ, ನಾನೇ ಬಿಡ್ತೀನಿ ಅಂದಳು, ನೋಡಣ ಅಂದಳು ಶೋಭಾರಾಣಿ, ನಕ್ಕಳು ಬೇರೆ, ಕೈ ಮಾತ್ರ ನೆನೆಸಿದ ಅವರೆಕಾಳು ಹಿತುಕುತ್ತಲೇ ಇತ್ತು, ಸಿಪ್ಪೆ ಬೆರಳಿನಲ್ಲಿ ಉಳಿದು ಬೇಳೆ ಚಂಗನೆ ಪಾತ್ರೆಗೆ ಹಾರುತ್ತಿತ್ತು. ನಾನೇ ಬಿಡ್ತೀನಂತೆ, ಬಿಡದೆ ಏನು, ಬ್ಯಾಂಕಿನ ಕೆಲಸ, ಸ್ವಂತ ಸ್ಕೂಟರು, ಗಂಡ ನರಸಿಂಹಮೂರ್ತಿಗೆ ಫೋನು ಹಚ್ಚಿ ಮಗಳಿಗೆ ಹಾಕಿಸ್ತಾ ಇದೀನಿ ಅಂದಳಂತೆ, ಅವನು ಹೂಂ ಅಂದನಂತೆ, ಮುಗಿಯಿತು, ಹದಿನಾಲ್ಕರ ಹುಡುಗಿಯ ಮೈಗೆ ಚುಚ್ಚುವ ಸೂಜಿ ಒಂದು ಫೋನಿನಲ್ಲಿ ತೀರ್ಮಾನ — ಕೈವಾರದ ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚು, ಚಿಂತಾಮಣಿಯ ಕಾಲೇಜಿಗೆ ಒಂದೇ ಬಸ್ಸು, ಅವಳು ಆ ಕೇರಿಯಿಂದ ಬರುತ್ತಿದ್ದಳು, ಇವಳು ಈ ಬೀದಿಯಿಂದ, ಜಮೀನು ಇದ್ದದ್ದು ಇವಳ ಮನೆಗೆ, ಮಾರ್ಕ್ಸು ಬಂದದ್ದು ಅವಳಿಗೆ, ಇವಳನ್ನು ಓದು ಬಿಡಿಸಿ ಮಂಡಿಕಲ್ಲಿಗೆ ಮದುವೆ ಮಾಡಿದರು, ಅವಳು ಓದಿ, ಕೆಲಸ ಹಿಡಿದು, ಕೊನೆಗೆ ಇದೇ ಮಂಡಿಕಲ್ಲಿಗೆ ಸೊಸೆಯಾಗಿ ಬರಬೇಕೆ, ದೇವರಿಗೆ ಬೇರೆ ಊರೇ ಸಿಗಲಿಲ್ಲವೆ. ಸ್ಕೂಟರು ತಿರುವಿನಲ್ಲಿ ಮರೆಯಾಯಿತು.

ಈ ಮನೆಯಲ್ಲಿ ತೀರ್ಮಾನ ಅಂದರೆ ಹಾಗಲ್ಲ, ಇಲ್ಲಿ ಸಾರಿಗೆ ಹಾಕುವ ಹುಣಸೆಹಣ್ಣಿಗೂ ಒಂದು ಪಂಚಾಯ್ತಿ, ಎಚ್‌ಪಿವಿ ಲಸಿಕೆ ಅಂತ ಶಾಲೆಯಿಂದ ಹೇಳಿಕಳಿಸಿದಾಗ ಗಂಡ ಮೋಹನ್‌ಬಾಬು ಅಪ್ಪ ಏನಂತಾರೋ ಕೇಳಣ ಅಂದು ಟಿವಿಯತ್ತ ತಿರುಗಿದ, ಅತ್ತೆ ಶ್ಯಾಮಲಮ್ಮ ಮನಕೆಂದುಕಮ್ಮಾ ಇದಂತಾ ಎಂದು ತೆಲುಗಿನಲ್ಲೇ ಶುರು ಮಾಡಿದರು, ನಮಗ್ಯಾಕಮ್ಮ ಇದೆಲ್ಲ, ಮದ್ವೆಯಾಗದ ಹುಡ್ಗಿಗೆ ಗರ್ಭಚೀಲದ ಸೂಜಿ ಯಾಕೆ, ನಾಳೆ ಮಕ್ಕಳಾಗ್ದೆ ಹೋದ್ರೆ ಯಾರ್ ಗತಿ — ಹಂಗೇನೂ ಆಗಲ್ಲ ಅತ್ತೆ, ಡಾಕ್ಟರಮ್ಮ ಬಿಡಿಸಿ ಹೇಳಿದ್ರು, ಈ ವಯಸ್ಸಲ್ಲಿ ಹಾಕಿದ್ರೇನೇ ಒಳ್ಳೇದಂತೆ ಅಂದಿದ್ದಳು ಶೋಭಾರಾಣಿ, ಅಷ್ಟು ಧೈರ್ಯ ಮಾಡಿದ್ದಳು, ಅದಕ್ಕೆ ಅತ್ತೆ, ಆ ಕೇರಿಯೋರು ಹಾಕಿಸ್ತಾರೆ ಅಂತ ನಾವೂ ಹಾಕಿಸ್ಬೇಕಾ, ಎಂಥ ಮಾತು, ಕೇಳಿ ಇವಳಿಗೇ ಮುಖ ಎತ್ತಲಾಗಲಿಲ್ಲ. ಆಮೇಲೆ ನಿನ್ನೆ ಊಟದ ಹೊತ್ತಿನಲ್ಲಿ ಮಾವ ಮುನಿವೆಂಕಟಪ್ಪ ಮುದ್ದೆ ಮುರಿಯುತ್ತಾ, ಹೆಣ್ಮಕ್ಕಳ ವಿಷ್ಯ, ಹೆತ್ತೋಳು ನೀನು, ನೀನೇ ಹೇಳಮ್ಮ, ನೀನಂದಂಗೇ ಆಗ್ಲಿ ಅಂದುಬಿಟ್ಟರು, ಈ ಮನೆಗೆ ಕಾಲಿಟ್ಟಾಗಿನಿಂದ ಯಾರೂ ಕೇಳದ ಮಾತು, ಎಲ್ಲರ ಕೈಯೂ ತಟ್ಟೆಯಲ್ಲಿ ನಿಂತಿತು, ಹಾಕಿಸಣ ಮಾವ ಅನ್ನುವುದಕ್ಕೆ ಬಾಯಿ ತೆರೆದದ್ದೂ ಆಗಿತ್ತು, ಅಷ್ಟರಲ್ಲಿ ಹರಿತ, ಅವಳ ಮಗಳೇ, ಹೂಂ ಅನ್ನಮ್ಮ, ಕಲ್ಯಾಣಿ ಆಂಟಿ ನಂಗೆ ಎಲ್ಲಾ ಹೇಳ್ಕೊಟ್ಟಿದಾರೆ, ನೀನಂತೂ ಏನ್ ಕೇಳಿದ್ರೂ ಹೇಳಲ್ಲ ಅಂದಳು — ಎಲ್ಲಾ ಅಂದರೆ ಏನೇನು, ಯಾವಾಗ, ಯಾರ ಮನೆಯ ಸೋಫಾದ ಮೇಲೆ ಕೂತು — ಅಮ್ಮನೂ ಹೀಗೇ ಮಾಡಿದಳು, ಕೈವಾರದ ಅಮ್ಮ, ಮುಟ್ಟು ನಿಂತ ಮೇಲೂ ಬಟ್ಟೆ ಕೆಂಪಾಗುವುದನ್ನು ಮುಚ್ಚಿಟ್ಟು ಮುಚ್ಚಿಟ್ಟು ಕೊನೆಗೆ ಬಾಯಿಬಿಟ್ಟದ್ದು ಹೆತ್ತ ಮಗಳ ಹತ್ತಿರ ಅಲ್ಲ, ರಜಕ್ಕೆ ಊರಿಗೆ ಬಂದಿದ್ದ ಕಲ್ಯಾಣಿಯ ಹತ್ತಿರ, ನಿಮ್ಮಮ್ಮನ್ನ ಬೇಗ ಆಸ್ಪತ್ರೆಗೆ ತೋರ್ಸೇ ಶೋಭಾ ಅಂತ ಫೋನು ಬಂದದ್ದು ಅವಳಿಂದ, ಆಗಲೇ ಕೈಮೀರಿತ್ತು, ಗರ್ಭಚೀಲದ ಬಾಯಿಯ ಕ್ಯಾನ್ಸರು, ಯಾವುದು ಬರಬಾರದು ಅಂತ ಈ ಸೂಜಿ ಹಾಕುತ್ತಾರೋ ಅದೇ, ಅದೇ, ಅಮ್ಮ ಹೋದದ್ದು ಹೊಟ್ಟೆನೋವಿಗೆ ಅಂತ ಈ ಮನೆಯಲ್ಲಿ ಹೇಳಿ ಮುಗಿಸಿದ್ದಳು ಶೋಭಾರಾಣಿ. ಕಲ್ಯಾಣಿ ಅಮ್ಮನನ್ನು ಕಸಿದುಕೊಂಡಳು, ಈಗ ಮಗಳೂ ಅವಳಿಗೇ ಬೇಕಾ ಅನ್ನಿಸಿತು, ಅನ್ನಿಸಿದ್ದೇ ತಡ ಬಾಯಿಂದ ಬಂದದ್ದು ಅತ್ತೆಯ ಮಾತು, ಬೇಡ ಮಾವ, ಅವರು ಹಾಕಿಸ್ತಾರೆ ಅಂತ ನಾವೂ ಹಾಕಿಸ್ಬೇಕಾ. ಸರಿ ಹಂಗಾದ್ರೆ ಅಂದರು ಮಾವ, ಅತ್ತೆ ಎಂದೂ ಇಲ್ಲದ್ದು ತಾವೇ ಅವಳ ತಟ್ಟೆಗೆ ತುಪ್ಪ ಬಡಿಸಿದರು, ಹರಿತ ಮುದ್ದೆ ಬಿಟ್ಟು ಎದ್ದು ಹೋದಳು. ನೆರೆಯವಳಿಗೆ ಅಪಶಕುನ ಆಗಲಿ ಅಂತ ತನ್ನ ಮೂಗು ತಾನೇ ಕುಯ್ದುಕೊಂಡಳಂತೆ, ಅಮ್ಮ ಹೇಳುತ್ತಿದ್ದ ಗಾದೆ, ಇಲ್ಲಿ ಮೂಗಾದರೂ ತನ್ನದೇನು, ಕುಯ್ದದ್ದು ಮಗಳದು — ಥೂ, ಹಾಗಲ್ಲ, ಮುಂದಿನ ಸಲ ಹಾಕಿಸಿದರಾಯಿತು, ಕಲ್ಯಾಣಿ ಹೇಳಿದಳು ಅಂತಲ್ಲ, ತಾನೇ, ತನ್ನಷ್ಟಕ್ಕೆ ತಾನೇ, ಯಾವ ಸ್ಕೂಟರೂ ಇಲ್ಲದೆ ನಡೆಸಿಕೊಂಡು ಹೋಗಿ. ಅವರೆಕಾಳು ಇನ್ನೂ ಅರ್ಧ ಪಾತ್ರೆ ಉಳಿದಿತ್ತು.

ಗೇಟಿನ ಸದ್ದು, ಹರಿತ, ಬ್ಯಾಗು ಜಗಲಿಗೆ ಎಸೆದು ತೊಟ್ಟಿಯ ಹತ್ತಿರ ಕಾಲು ತೊಳೆಯಲು ಬಗ್ಗಿದಳು, ಎಡತೋಳು ಮೇಲಕ್ಕೆ ಮಡಿಸಿದೆ, ತೋಳಿನ ಮೇಲೆ ಹತ್ತಿ — ಕರೆದುಕೊಂಡು ಹೋಗಿಯೇಬಿಟ್ಟಳಾ, ಹೆತ್ತವಳು ಬೇಡ ಅಂದ ಮೇಲೂ, ಯಾರವಳು ಅಪ್ಪಣೆ ಕೊಡುವುದಕ್ಕೆ, ಇವತ್ತು ಅವಳ ಮನೆ ಬಾಗಿಲಿಗೇ ಹೋಗಿ ಕೇಳುತ್ತೇನೆ, ಬ್ಯಾಂಕಿನವಳಾದರೆ ನನಗೇನು — ಎದ್ದ ರಭಸಕ್ಕೆ ಪಾತ್ರೆ ಉರುಳಿ ಬೇಳೆಯೆಲ್ಲ ನೆಲದ ಪಾಲು, ಆ ಸಿಟ್ಟಿನ ಅಡಿಯಲ್ಲೇ, ಸದ್ಯ, ಹಾಕಿಸಿಬಿಟ್ಟಳಲ್ಲ, ಸದ್ಯ, ಅಂತ ಎದೆ ತಣ್ಣಗಾದದ್ದು ಅವಳಿಗೇ ಗೊತ್ತಾಯಿತು, ಮಗಳ ತೋಳು ಹಿಡಿದಳು, ಯಾರೇ ಹಾಕ್ಸಿದ್ದು, ಕಲ್ಯಾಣೀನಾ, ಬೊಗಳೇ, ಬಿಡಮ್ಮ, ಬಿಡು ಅಂದರೂ ಬಿಡದೆ ಟೇಪನ್ನು ಚರ್ರನೆ ಕಿತ್ತಳು. ಕೆಳಗೆ ತೋಳು, ಬರೀ ತೋಳು, ಊತವಿಲ್ಲ, ಚುಚ್ಚಿದ ಗುರುತಿಲ್ಲ. ಎಲ್ರಿಗೂ ಇರತ್ತಮ್ಮ, ಕ್ಲಾಸಲ್ಲಿ ನಂಗೊಬ್ಬಳಿಗೇ ಇರಲ್ಲ ಅಂತ ಬೆಳಿಗ್ಗೇನೇ ದೇವ್ರ ಮನೇಲಿ ತಗೊಂಡೆ. ಶೋಭಾರಾಣಿ ಅಂಗೈ ನೋಡಿದಳು, ಅತ್ತೆ ಹೊಸೆದಿಟ್ಟ ಹೂಬತ್ತಿ, ಬಿಡಿಸಿ ಚಪ್ಪಟೆ ಮಾಡಿದ್ದಾಳೆ, ತುದಿಯ ಹುರಿ ಹಾಗೇ ಇದೆ, ತನುಜಳ ಹತ್ತಿಯಲ್ಲಿ ಸಾಸಿವೆಯಷ್ಟು ಕೆಂಪು ಇತ್ತು, ಇದರಲ್ಲಿ, ತಿರುಗಿಸಿ ನೋಡಿದಳು, ಇನ್ನೊಂದು ಸಲ ತಿರುಗಿಸಿದಳು, ಈ ಕಡೆಯೂ ಬಿಳಿ, ಆ ಕಡೆಯೂ ಬಿಳಿ, ಹತ್ತಿ —