ಅತ್ತೆ ಹಾಡಿದ ಜೋಗುಳ

ಅವಳು ಮೊದಲು ಹಾಡುಗಾರ್ತಿ. ದೊಡ್ಡ ಹೋಟೆಲೊಂದರ ಊಟದ ಹಾಲಿನಲ್ಲಿ, ಚಮಚ ತಟ್ಟೆಗಳ ಸದ್ದಿನ ನಡುವೆ, ವಾರಕ್ಕೆ ಐದು ಸಂಜೆ ಹಾಡುತ್ತಿದ್ದಳು. ಹಾಡು ಕಲಿಸಿದ್ದು ಅಕ್ಕ. ತಾಯಿ ತೀರಿಕೊಂಡ ಮೇಲೆ ಅವಳನ್ನು ಬೆಳೆಸಿದವಳೂ ಅಕ್ಕನೇ.

ಒಂದು ಸಂಜೆ ಊಟಕ್ಕೆ ಬಂದ ಸಿನಿಮಾ ನಿರ್ದೇಶಕನಿಗೆ ಅವಳ ಮುಖ ಹಿಡಿಸಿತು. ಹಾಡು ಕೇಳಿದನೋ ಇಲ್ಲವೋ, ತಿಳಿಯಲಿಲ್ಲ. ನಾಯಕಿಯ ಗೆಳತಿಯ ಪಾತ್ರ ಕೊಟ್ಟ. ಅವಳ ದನಿ ತೀರಾ ದಪ್ಪವಾಯಿತೆಂದು ಮಾತನ್ನು ಬೇರೊಬ್ಬಳಿಂದ ಡಬ್ಬಿಂಗ್ ಮಾಡಿಸಿದರು.

"ಹಾಡೋದು ಎಲ್ಲಿಗೆ ಹೋಗುತ್ತೆ ಬಿಡೇ," ಎಂದಳು ಅಕ್ಕ.

ಎಂಟು ಸಿನಿಮಾಗಳಲ್ಲಿ ಗೆಳತಿಯಾದಳು, ನಾಲ್ಕರಲ್ಲಿ ಅತ್ತಿಗೆ. ಆಮೇಲೆ ಟಿವಿ ಧಾರಾವಾಹಿಯಲ್ಲಿ ಅತ್ತೆ. ಅತ್ತೆಯಾಗಿಯೇ ಒಂಬತ್ತು ವರ್ಷ ಕಳೆಯಿತು. ಅಷ್ಟೂ ವರ್ಷ ಅದೇ ಡಬ್ಬಿಂಗ್ ಕಲಾವಿದೆಯ ದನಿ. ಅಂಗಡಿಯಲ್ಲಿ ಅವಳು ಬಾಯಿ ತೆರೆದರೆ ಜನ, "ಶೀತ ಆಗಿದೆಯಾ ಮೇಡಂ?" ಎಂದು ಕೇಳುತ್ತಿದ್ದರು.

"ಹೌದು, ಸ್ವಲ್ಪ," ಎನ್ನುತ್ತಿದ್ದಳು.

ಒಂದು ದಿನ ಕೈಗೆ ಬಂದ ದೃಶ್ಯದಲ್ಲಿ ಅತ್ತೆ ಮೊಮ್ಮಗುವಿಗೆ ಜೋಗುಳ ಹಾಡಬೇಕಿತ್ತು.

"ಇದನ್ನ ನಾನೇ ಹಾಡ್ಲಾ?" ಎಂದು ಧಾರಾವಾಹಿಯ ನಿರ್ದೇಶಕನನ್ನು ಕೇಳಿದಳು.

"ಹಾಡಿ ಮೇಡಂ, ಅದಕ್ಕೇನಂತೆ."

ಹಾಡಿದಳು. ಲೈಟಿನವರು ಏಣಿಯ ಮೇಲೆ ಇದ್ದಲ್ಲೇ ನಿಂತರು. ತೊಟ್ಟಿಲಿನ ಮಗು ನಿಜವಾಗಿಯೂ ನಿದ್ದೆ ಹೋಯಿತು. ಮುಂದಿನ ಶಾಟ್‌ನಲ್ಲಿ ಅದು ಅಳಬೇಕಿತ್ತಾದ್ದರಿಂದ ಇಡೀ ಸೆಟ್ಟು ಅರ್ಧ ಗಂಟೆ ಕಾಯಬೇಕಾಯಿತು.

ಎರಡು ವಾರದ ನಂತರ ಆ ಕಂತು ಪ್ರಸಾರವಾಯಿತು. ಅವಳ ಪಕ್ಕದಲ್ಲಿ ಕೂತು ಅಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಳು. ಪರದೆಯ ಮೇಲೆ ತುಟಿ ಇವಳದು, ದನಿ ಡಬ್ಬಿಂಗಿನವಳದು. ತೆಳ್ಳಗೆ, ಸಿಹಿಯಾಗಿತ್ತು. ಅಕ್ಕನ ಕೈ ನಿಂತಿತು. ಕಣ್ಣು ಒರೆಸಿಕೊಂಡಳು.

"ಎಷ್ಟು ಚೆನ್ನಾಗಿ ಹಾಡಿದೀಯೇ! ನಿನ್ನ ಗಂಟಲು ಒಂಚೂರೂ ಬದಲಾಗಿಲ್ಲ ನೋಡು."

ತಮಾಷೆಯೇನೋ ಎಂದು ಅಕ್ಕನ ಮುಖ ನೋಡಿದಳು. ಅಲ್ಲ.

"ಹೂಂ," ಎಂದಳು.

ಅಳು ಬರಬಹುದೆಂದು ಕಾದಳು. ಸಿಟ್ಟಾದರೂ ಬರಲಿ ಎಂದುಕೊಂಡಳು. ಜೋಮು ಹಿಡಿದ ಕಾಲನ್ನು ಚಿವುಟಿದ ಹಾಗಿತ್ತು, ಅಷ್ಟೆ. ಅಕ್ಕನ ಮಡಿಲಿನಿಂದ ಟವೆಲೊಂದನ್ನು ಎಳೆದುಕೊಂಡು ಮಡಚಿದಳು.

ಮರುದಿನ ಮೇಕಪ್ ಕೋಣೆಯಲ್ಲಿ ನಿರ್ದೇಶಕನನ್ನು ಕೇಳಿದಳು: "ನಾನು ಹಾಡಿದ್ದು ಏನಾಯ್ತು?"

"ಜನಕ್ಕೆ ಅತ್ತೆ ಅಂದ್ರೆ ಆ ದನಿನೇ ಮೇಡಂ. ನಿಮ್ಮದು ಹಾಕಿದ್ರೆ, ಇದ್ಯಾರಪ್ಪಾ ಅಂತಿದ್ರು." ಅವನು ಕನ್ನಡಿಯಲ್ಲಿ ಅವಳನ್ನು ನೋಡಿದ. "ಬೇಜಾರಾಯ್ತಾ?"

"ಇಲ್ಲ."

ಸುಳ್ಳು ಹೇಳಿರಲಿಲ್ಲ. ಅದು ಅವಳಿಗೇ ಸ್ವಲ್ಪ ಆಶ್ಚರ್ಯವೆನಿಸಿತು. ಅವನಿಗೆ ಸಮಾಧಾನವಾಗಿ, ಕೈಯಲ್ಲಿದ್ದ ಹಾಳೆ ತಿರುವಿದ.

"ಇವತ್ತು ಸೊಸೆಗೆ ಹೊಡೆಯೋದಿದೆ."

"ಯಾವ ಕೆನ್ನೆಗೆ?" ಎಂದು ಕೇಳಿದಳು.