ಕುರಿಯ ಗಂಟಲಿನ ಗುಳಿಗೆ

ಆ ವರ್ಷ ನನ್ನ ಕೊರಳಿನ ಗಡ್ಡೆಗೆ ಅರ್ಥ ಹೇಳದವರು ಆದೋನಿಯಲ್ಲಿ ಯಾರೂ ಉಳಿಯಲಿಲ್ಲ. ಹಾಲು ಹಾಕುವ ಹುಲುಗಮ್ಮ ಚೊಂಬು ಕೆಳಗಿಟ್ಟು, "ಸುಂಕಲಮ್ಮಗ ಹರಕಿ ಹೊತ್ತು ಮರ್ತೀರಿ ಕಾಣ್ತೈತಿ ತುಂಗಮ್ಮಾ, ಆಕೀನ ಗಂಟ್ಲ ಹಿಡಿದಾಳ" ಎಂದಳು. ಎದುರುಮನೆಯ ಪ್ರೇಮಾಬಾಯಿ, ಬೇರೆಯವರ ಸರದ ಮೇಲೆ ಕಣ್ಣು ಹಾಕಿದರೆ ಕೊರಳು ಊದುತ್ತದೆ ಎಂದರು. ಯಾರ ಸರ? ಅವರದೇ! ಅದೂ ಗಿಲೀಟಿನದು. "ಗಿಲೀಟಿಗೇ ಇಷ್ಟು ಊದಿದರ ಬಂಗಾರಕ್ಕ ಎಷ್ಟು ಊದಬೇಕಿತ್ರೀ?" ಎಂದೆ. ಅವರು ಮಾತು ಬಿಟ್ಟರು. ಒಂದು ಪೀಡೆ ತೊಲಗಿತು.

ಗಡ್ಡೆ ಒಂದೇ ಆಗಿದ್ದರೆ ಸೆರಗು ಸುತ್ತಿಕೊಂಡು ಇದ್ದುಬಿಡುತ್ತಿದ್ದೆ. ಆದೋನಿಯ ಬೇಸಿಗೆ ಗೊತ್ತಲ್ಲ, ಕೋಟೆ ಬೆಟ್ಟದ ಬಂಡೆಗಳು ಕಾದು ಬೆಳಗಿನ ತನಕ ಬಿಸಿಗಾಳಿ ಬಿಡುತ್ತವೆ. ಅಂಥದ್ದರಲ್ಲಿ ನನಗೆ ಚಳಿ! ಓಣಿಯೆಲ್ಲ ಅಂಗಳಕ್ಕೆ ನೀರು ಚಿಮುಕಿಸಿ ಹೊರಗೆ ಮಲಗಿದರೆ ನಾನು ಒಳಗೆ ಕಂಬಳಿ ಹೊದ್ದು ನಡುಗುತ್ತಿದ್ದೆ. ಕೂದಲು ಬಾಚಣಿಗೆಯಲ್ಲೇ ಬರುತ್ತಿತ್ತು. ದನಿ ಗಂಡುದನಿಯಾಯಿತು. ಮೇಲೆ ಆ ಹಾಳು ನಿದ್ದೆ ಬೇರೆ. ಒಂದು ದಿನ ಮಡಿಯಲ್ಲಿ ಅಡಿಗೆ ಮಾಡುತ್ತ ಒಲೆಯ ಮುಂದೆ ಕುಳಿತಲ್ಲೇ ನಿದ್ದೆ ಹೋದೆ. ಎಚ್ಚರಾದಾಗ ಅನ್ನ ಸೀದಿತ್ತು, ಮೈಮೇಲೆ ನೀರು ಚೆಲ್ಲಿತ್ತು, ಸೆರಗಿನ ತುದಿಯಲ್ಲಿ ಅಂಗೈಯಗಲದ ಸುಟ್ಟ ತೂತು. ನಿದ್ದೆಗಣ್ಣಿನಲ್ಲಿ ನಾನೇ ತಂಬಿಗೆ ಉರುಳಿಸಿಕೊಂಡಿರಬೇಕು, ಮಂತ್ರಾಲಯದ ರಾಯರು ದೊಡ್ಡವರು ಎಂದುಕೊಂಡೆ. ನನ್ನ ಅತ್ತೆ ಕಾವೇರಿಬಾಯಿ ಮಾತ್ರ ಹೊಸ ಸೀರೆ ಹಾಳಾಯಿತೆಂದು ವಾರಗಟ್ಟಲೆ ಬೈದರು.

ನನ್ನ ಗಂಡ ಜಯತೀರ್ಥ ಹತ್ತಿ ಮಾರುಕಟ್ಟೆಯ ಆಫೀಸಿನಲ್ಲಿ ಗುಮಾಸ್ತರು. ಅವರಿಗೂ ಮಾತಿಗೂ ಎಣ್ಣೆ ಸೀಗೆಕಾಯಿ. ಸೀರೆ ಸುಟ್ಟ ಮರುದಿನವೇ "ಬಳ್ಳಾರಿಗೆ ಹೋಗಿ ಬರೋಣು" ಎಂದರು. ಅಷ್ಟೇ. ಆಲೂರು ದಾಟಿ ಬಳ್ಳಾರಿ ಬರುವ ತನಕ ಬಸ್ಸಿನಲ್ಲಿ ಮತ್ತೊಂದು ಮಾತಿಲ್ಲ. ಅಲ್ಲಿಯ ಡಾಕ್ಟರಮ್ಮ ನನ್ನ ಕೊರಳು ಒತ್ತಿ, ರಕ್ತ ತೆಗೆಸಿ, ಇದು ಥೈರಾಯ್ಡ್ ಎಂದರು. ಗಂಟಲಿನ ಗ್ರಂಥಿ ಸೋತಿದೆ, ಅದು ಕೊಡಬೇಕಾದ ರಸವನ್ನು ಗುಳಿಗೆ ಕೊಡುತ್ತದೆ, ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ನುಂಗಬೇಕು, ಬಿಟ್ಟರೆ ಒಂದು ದಿನ ಹೃದಯವೂ ಸೋಲುತ್ತದೆ. ಇಷ್ಟೇ. ಇದರಲ್ಲಿ ಅರ್ಥ ಮಾಡಿಕೊಳ್ಳಲು ಕಷ್ಟವಾದದ್ದು ಏನಿದೆ ಹೇಳಿ?

ಆದರೆ ನಮ್ಮ ಓಣಿಯಲ್ಲಿ ಸೇತುಮಾಧವರಾಯರು ಇದ್ದರಲ್ಲ! ರೈಲ್ವೆಯಿಂದ ನಿವೃತ್ತರಾದ ಮೇಲೆ ಆ ಮಹಾನುಭಾವರು ಪ್ರಕೃತಿ ಚಿಕಿತ್ಸೆ, ಮನಸ್ಸಿನ ಚಿಕಿತ್ಸೆ ಎಂದು ಸಿಕ್ಕ ಪುಸ್ತಕವನ್ನೆಲ್ಲ ಓದಿ, ಸಿಕ್ಕವರ ಮೇಲೆಲ್ಲ ಪ್ರಯೋಗ ಮಾಡುತ್ತಿದ್ದರು. ಅವರ ಪ್ರಕಾರ ಮೊಣಕಾಲು ನೋವೆಂದರೆ ಗರ್ವ, ಬೆನ್ನು ನೋವೆಂದರೆ ಸಂಸಾರದ ಭಾರ, ಕೆಮ್ಮೆಂದರೆ ಹಳೆಯ ದುಃಖ. ನನ್ನ ಕೊರಳು ನೋಡಿ ಕಣ್ಣು ಮುಚ್ಚಿದರು, ತೆರೆದರು.

"ಇದು ನುಂಗಿದ ಮಾತು. ಹೇಳಬೇಕಾದ್ದು ಹೇಳಲಿಲ್ಲಂದ್ರ ಅದು ಗಂಟ್ಲಾಗ ಗಡ್ಡಿ ಕಟ್ತದ. ತುಂಗಾಬಾಯಿ ಭಾಳ ನುಂಗ್ಯಾರ."

ನಾನು? ನುಂಗಿದ್ದೇನೆ? ನಾನು ಬಾಯಿ ತೆರೆದರೆ ಮಂತ್ರಾಲಯದಲ್ಲಿ ಹೊಳೆ ದಾಟುವವರಿಗೆ ಕೇಳಿಸುತ್ತದೆ ಎಂದು ಓಣಿಯೇ ಆಡಿಕೊಳ್ಳುತ್ತದೆ! "ರಾಯರ, ಮಾತು ನುಂಗಿದರ ಗಡ್ಡಿ ಆಗ್ತದಂದ್ರ ನಮ್ಮ ಮನಿಯವರ ಕೊರಳು ಕುಂಬಳಕಾಯಿ ಆಗಿರಬೇಕಿತ್ತು" ಎಂದೆ. ಮೂಲೆಯಲ್ಲಿ ಪಂಚಾಂಗ ನೋಡುತ್ತಿದ್ದ ನನ್ನ ಗಂಡ ತಲೆ ಎತ್ತಲಿಲ್ಲ.

ಅತ್ತೆಗೆ ಬೇರೆಯೇ ಉರಿ ಹತ್ತಿತು. "ಅಂದ್ರ, ಸೊಸಿಗೆ ನಾ ಮಾತಾಡಗೊಡಲಿಲ್ಲಂತ ಮಂದಿ ಅನ್ಕೋಬೇಕೇನು? ಅಯ್ಯ ನನ್ನ ಕರ್ಮ, ಆಕಿ ಬಾಯಿ ಮುಚ್ಚಿದ್ದನ್ನ ನಾ ಇನ್ನೂ ನೋಡಬೇಕಾಗ್ಯದ!" ಈ ಒಂದು ವಿಷಯದಲ್ಲಿ ಅತ್ತೆ ಸೊಸೆ ಇಬ್ಬರದೂ ಒಂದೇ ಮಾತು. ಯಾರು ಕೇಳಬೇಕು?

ಅಷ್ಟಕ್ಕೇ ನಿಂತಿದ್ದರೆ ರಾಯರಿಗೆ ಒಂದು ನಮಸ್ಕಾರ ಹಾಕಿ ಗುಳಿಗೆ ನುಂಗುತ್ತಿದ್ದೆ. ಅವರು ಇಂಗ್ಲಿಷರ ಕಾಲದ ಒಂದು ಪುಸ್ತಕ ತಂದು ಅತ್ತೆಯ ಮುಂದೆ ಬಿಚ್ಚಿದರು. "ನೋಡ್ರಿ ಕಾವೇರಿಬಾಯಿ, ಈ ಗುಳಿಗಿ ಕುರಿ ಗಂಟಲಿನ ಗ್ರಂಥಿ ಒಣಗಿಸಿ, ಪುಡಿ ಮಾಡಿ ತಯಾರಿಸ್ತಾರ."

ಮುಗಿಯಿತು ನನ್ನ ಕಥೆ! ನಾನು ಔಷಧಿ ಅಂಗಡಿಗೆ ಓಡಿದೆ. ಅಂಗಡಿಯವನು ನಕ್ಕು, "ಅದಿ ಪಾತ ಕಾಲಂ ಮಾಟ ಅಮ್ಮಾ, ಇಪ್ಪುಡು ಅಂತಾ ಕೆಮಿಕಲೇ" ಎಂದ. ಹಳೆಯ ಕಾಲದ ಮಾತು ಅದು, ಈಗ ಎಲ್ಲ ರಸಾಯನವೇ ಎಂದು ಅತ್ತೆಗೆ ಬಿಡಿಸಿ ಹೇಳಿದೆ. ಅಂಗಡಿಯವನು ಮಾರುವವನು, ಮತ್ತೇನು ಹೇಳುತ್ತಾನೆ ಎಂದರು. ಮಡಿಸೀರೆ ಎತ್ತುವ ಕೋಲಿನಿಂದ ಗುಳಿಗೆಯ ಡಬ್ಬಿಯನ್ನು ತಳ್ಳುತ್ತ ತಳ್ಳುತ್ತ ಹೊರಜಗಲಿಯ ಗೂಡಿಗೆ ಸೇರಿಸಿ, ಕೋಲನ್ನೂ ತೊಳೆದರು.

"ಬೇಕಾದರ ನುಂಗು, ನಾ ಬ್ಯಾಡನ್ನೂದಿಲ್ಲ. ಆದರ ಕುರಿ ಗಂಟ್ಲ ಹೊಟ್ಟಿಯಾಗ ಇಟ್ಕೊಂಡು ನನ್ನ ಅಡಿಗಿಮನಿ ಹೊಸ್ತಿಲ ದಾಟಬ್ಯಾಡ. ದೇವರ ನೈವೇದ್ಯ ಅದು."

ಬೇಡವೆನ್ನುವುದಿಲ್ಲವಂತೆ! ಮನೆಯಲ್ಲಿ ಮಡಿ ಅಡಿಗೆ ಮಾಡುವವಳು ನಾನೊಬ್ಬಳೇ. ಅತ್ತೆ ಒಲೆಯ ಮುಂದೆ ಕೂತರೆ ಏಳಲಾರರು. ಸೊಸೆ ಇರುವಾಗ ಮಗ ಸೌಟು ಹಿಡಿದರೆ ವಂಶದ ಮರ್ಯಾದೆ ಹೋಗುತ್ತದೆ. ನಾನು ಗುಳಿಗೆ ನುಂಗಿದರೆ ದೇವರಿಗೂ ಉಪವಾಸ, ಮನೆಗೂ ಉಪವಾಸ. ಹೀಗೆ ಯಾರೂ ಬೇಡವೆನ್ನದೆ ನನ್ನ ಗುಳಿಗೆ ನಿಂತಿತು. ಮೆಟ್ಟಿಲು ಹತ್ತಿದರೆ ಎದೆ ನಗಾರಿಯಾಗುತ್ತಿತ್ತು. ನನಗೆ ಹೆದರಿಕೆಯಾಯಿತು, ನಿಜವಾಗಿ ಹೆದರಿಕೆಯಾಯಿತು.

ಸೇತುಮಾಧವರಾಯರ ಚಿಕಿತ್ಸೆಗೆ ಮಡಿ ಮೈಲಿಗೆಯ ತೊಡಕಿಲ್ಲ. ಎಲ್ಲರ ಮುಂದೆ ಕೂಡಿಸಿ ನುಂಗಿದ ಮಾತನ್ನೆಲ್ಲ ಕಕ್ಕಿಸಬೇಕು, ಗಡ್ಡೆ ತಾನೇ ಇಳಿಯುತ್ತದೆ. ಏಕಾದಶಿಯ ಮಧ್ಯಾಹ್ನ ನಿಶ್ಚಯವಾಯಿತು. ಅವತ್ತು ಒಲೆ ಹಚ್ಚುವುದಿಲ್ಲವಲ್ಲ, ಎಲ್ಲರಿಗೂ ಪುರುಸೊತ್ತು. ನೀರೂ ಮುಟ್ಟದ ಹೊಟ್ಟೆಯಲ್ಲಿ ಅತ್ತೆ, ಗಂಡ, ನಾನು ನಡುಮನೆಯಲ್ಲಿ ಕುಳಿತೆವು. ರಾಯರು ಕಣ್ಣು ಮುಚ್ಚಿ, "ಹೂಂ, ಹೇಳ್ರಿ, ಏನೂ ಉಳಿಸ್ಕೋಬ್ಯಾಡ್ರಿ" ಎಂದರು.

ಹೇಳಿದೆ. ನನ್ನ ತಂಗಿಯ ಮದುವೆಗೆ ಕಳಿಸದಿದ್ದದ್ದು ಹೇಳಿದೆ.

"ಇದು ಹೋದ ದೀಪಾವಳಿಗೇ ಅಂದಿದ್ದಳು" ಎಂದರು ಅತ್ತೆ.

ಹುಣಸೆಹಣ್ಣು ಕದ್ದಳೆಂದು ನನ್ನ ಮೇಲೆ ಹೊರಿಸಿದ್ದು ಹೇಳಿದೆ.

"ಅದನ್ನ ಪ್ರತಿ ವರ್ಷ ಅಂತಾಳ."

"ಕೇಳಿದಿರೇನ್ರಿ ರಾಯರ? ನನ್ನ ಹತ್ರ ಸ್ಟಾಕ್ ಇಲ್ಲ. ಎಲ್ಲಾ ಅಂದು ಮುಗಿಸೀನಿ!"

"ಇಲ್ಲ, ಆಳದಾಗ ಒಂದು ಉಳದದ" ಎಂದರು ರಾಯರು ಕಣ್ಣು ತೆರೆಯದೆ.

ನನಗೆ ತಡೆಯಲಾಗಲಿಲ್ಲ. ಹಸಿವು, ಚಳಿ, ಸಿಟ್ಟು ಎಲ್ಲ ಒಟ್ಟಿಗೆ ಏರಿತು. "ಉಳದದ, ಹೌದು. ನಾಳೆ ದ್ವಾದಶಿ. ಬೆಳಿಗ್ಗೆ ಎದ್ದು ನಾ ಗುಳಿಗಿ ನುಂಗಾಕಿ. ಪಾರಣೆ ಅಡಿಗಿ ಯಾರು ಮಾಡ್ತೀರೋ ಮಾಡ್ರಿ. ನನಗ ಸಾಯೋ ಮನಸ್ಸಿಲ್ಲ!"

ದ್ವಾದಶಿಯ ಪಾರಣೆಯೆಂದರೆ ಬೆಳಗಾಗುತ್ತಲೇ ಎಲೆ ಬೀಳಬೇಕು, ಹೊತ್ತು ಮೀರಿದರೆ ಏಕಾದಶಿಯ ಉಪವಾಸವೇ ವ್ಯರ್ಥ.

"ಇದು ಭಾವನಾ ಅಲ್ಲ, ಹಟ" ಎಂದರು ರಾಯರು.

"ನುಂಗಿದರ ಒಳಗ ಬರಬ್ಯಾಡ" ಎಂದರು ಅತ್ತೆ.

"ಬರೂದಿಲ್ಲ!"

ಆಗ ಮೂಲೆಯಿಂದ ಒಂದು ಕೆಮ್ಮು ಕೇಳಿಸಿತು. ನನ್ನ ಗಂಡ ಎದ್ದು ನಿಂತಿದ್ದರು. ಮುಖ ಬೆವರಿತ್ತು.

"ಅವ್ವಾ, ನಾ ಮಾಡ್ತೀನಿ."

"ಏನ್ ಮಾಡ್ತೀ?"

"ಅಡಿಗಿ. ನಾಳೇನೂ ಮಾಡ್ತೀನಿ, ನಾಡದ್ದೂ ಮಾಡ್ತೀನಿ." ಅವರು ನನ್ನ ಕಡೆ ಕೈ ಮಾಡಿದರು. "ಅವತ್ತು ನಾ ಪೂಜಿಗೆ ನೀರು ತರಲಿಕ್ಕೆ ಬಂದಿದ್ದೆ. ಆಕಿ ಒಲಿ ಮುಂದ ನಿದ್ದಿ ಹತ್ತಿ ಬಿದ್ದಿದ್ದಳು. ಸೆರಗು ಉರೀಲಿಕ್ಕೆ ಹತ್ತಿತ್ತು. ಅಭಿಷೇಕದ ನೀರು ತೊಗೊಂಡು ಆಕಿ ಮ್ಯಾಲೆ ಸುರವಿದೆ. ಆಕಿಗೆ ಎಚ್ಚರನೂ ಆಗಲಿಲ್ಲ. ಹೋಗಿಬಿಟ್ಟಳು ಅನ್ಕೊಂಡಿದ್ದೆ. ಮೂಗಿನ ಹತ್ರ ಕೈ ಇಟ್ಟು ನೋಡಿದೆ ಅವ್ವಾ."

ಅಭಿಷೇಕದ ನೀರು! ವಾರಗಟ್ಟಲೆ ನಾನು ಆ ತೂತಿಗಾಗಿ ಬೈಸಿಕೊಳ್ಳುವಾಗ ಈ ಮನುಷ್ಯ ಪಕ್ಕದಲ್ಲೇ ಕುಳಿತು ಹುಳಿಯನ್ನ ಕಲಸುತ್ತಿದ್ದರು!

"ಕಂಡೂ ಸುಮ್ಮನಿದ್ದಿರೇನ್ರಿ?" ಎಂದು ಕೂಗಿದೆ. "ಒಂದು ಮಾತು, ಒಂದೇ ಒಂದು ಮಾತು ಹೇಳಲಿಕ್ಕೆ ಏನಾಗಿತ್ತು ನಿಮಗ?"

"ಹೆದರಿದ್ದೆ" ಎಂದರು. "ಬಾಯಿಬಿಟ್ಟು ಅಂದರ ಖರೇನ ಆಗಿಬಿಡ್ತದಂತ."

ನನಗೆ ಸಿಟ್ಟಿಗೆ ಅಳು ಬಂತು. ಅತ್ತೆ ಮಗನ ಕೈಗಳನ್ನು ನೋಡಿದರು. ಎಂದಿನ ಗಡಸು ದನಿಯಲ್ಲೇ ಕೇಳಿದರು: "ಸಾರಿಗೆ ಉಪ್ಪು ಎಷ್ಟು ಹಾಕಬೇಕು, ಅದಾದರೂ ಗೊತ್ತದ ಏನು ನಿನಗ?"

ಕೆಲವು ತಿಂಗಳಲ್ಲಿ ಚಳಿ ಬಿಟ್ಟಿತು, ಗಡ್ಡೆ ಇಳಿಯಿತು. ಸೇತುಮಾಧವರಾಯರು ಇವತ್ತಿಗೂ ಮಠದ ಜಗಲಿಯ ಮೇಲೆ ಕುಳಿತು ಅದು ತಮ್ಮದೇ ಚಿಕಿತ್ಸೆ ಎಂದು ಹೇಳುತ್ತಾರೆ, ಮಾತು ಹೊರಬಿತ್ತು, ಗಡ್ಡೆ ಇಳಿಯಿತು ಎಂದು. ಬಿದ್ದದ್ದು ಯಾರ ಬಾಯಿಂದ, ಇಳಿದದ್ದು ಯಾರ ಕೊರಳಿಂದ ಎಂದು ಕೇಳಿದರೆ ಕಣ್ಣು ಮುಚ್ಚಿಬಿಡುತ್ತಾರೆ. ಅವರ ಕೂಡ ಹೆಣಗಿ ನನಗೂ ಸಾಕಾಗಿದೆ.

ಆ ದ್ವಾದಶಿಯ ಬೆಳಿಗ್ಗೆಯ ಮಾತು ಹೇಳಿ ಮುಗಿಸುತ್ತೇನೆ. ಇನ್ನೂ ನಸುಕು. ನಾನು ಅಡಿಗೆಮನೆಯ ಹೊಸ್ತಿಲಿನ ಈಚೆ ಗುಳಿಗೆ ಹಿಡಿದು ನಿಂತಿದ್ದೆ. ಅವರು ಮಡಿಪಂಚೆ ಉಟ್ಟು, ಹೊಗೆಗೆ ಕಣ್ಣು ಕೆಂಪಗೆ ಮಾಡಿಕೊಂಡು, ತಂಬಿಗೆ ತಂದರು. ಮಡಿಯಲ್ಲಿ ನನ್ನನ್ನು ಮುಟ್ಟುವಂತಿಲ್ಲ. ಹೊಸ್ತಿಲಿನ ಆಚೆಯಿಂದಲೇ ಬಾಗಿ, ನನ್ನ ಬೊಗಸೆಗೆ ಎತ್ತರದಿಂದ ನೀರು ಬಿಟ್ಟರು.

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ನನಗ ಹೇಳದ ಇನ್ನೂ ಏನೇನು ಮುಚ್ಚಿಟ್ಕೊಂಡೀರಿ?" ಎಂದೆ.

"ಭಾಳ ಅವ" ಎಂದರು. "ದಿನಾ ಒಂದೊಂದು ಹೇಳ್ತೀನಿ. ಮೊದಲು ಗುಳಿಗಿ ನುಂಗು."