ಬೆನ್ನೇರಿ ಬಂದ ಮದುಮಗಳು

ಗಂಡನ ಮನೆಗೆ ಹೊರಟು ತವರಿನ ಹೊಸ್ತಿಲು ದಾಟಿದ ಮದುಮಗಳ ಕಾಲು ಅಲ್ಲಿಯ ಒಲೆಯ ಮುಂದೆಯೇ ನೆಲ ಮುಟ್ಟಬೇಕು. ನಡುವೆ ಮುಟ್ಟಿದರೆ ಆ ಮದುವೆ ನಿಲ್ಲುವುದಿಲ್ಲ ಎಂದು ಕೆರೆಯ ನಡುವಿನ ಊರಾದ ಶೋಚಿಮಿಲ್ಕೊದವರು ನಂಬಿದ್ದರು. ಅದಕ್ಕೇ ಅವಳನ್ನು ಬೆನ್ನ ಮೇಲೆ ಹೊತ್ತು ತರುವುದು ಸಂಬಂಧ ಕುದುರಿಸಿದವಳ ಕೆಲಸ. ಸೆಂತೆವಾ ಅರ್ಧ ಕೇರಿಯ ಹೆಂಗಸರನ್ನು ಹಾಗೆ ಹೊತ್ತವಳು. ಒಬ್ಬಳ ಹೆಬ್ಬೆರಳಿಗೂ ಮಣ್ಣು ತಾಗಿರಲಿಲ್ಲ. ಅವಳಿಗಿದ್ದ ಆಸ್ತಿ ಅದೊಂದೇ, ಅದನ್ನು ದಿನವೂ ಊರಿಗೆಲ್ಲ ಸಾರುತ್ತಿದ್ದಳು.

ಆಮೇಲೆ ಸ್ಪೇನಿನವರು ಬಂದರು. ಯುದ್ಧವಾಯಿತು, ಸಿಡುಬು ಬಂತು. ಹೆಣ ಹೊರುವುದಕ್ಕೇ ಬೆನ್ನು ಸಾಲದಾದಾಗ ಮದುವೆಯ ಮಾತೆತ್ತುವವರು ಯಾರು? ಸೆಂತೆವಾ ಮುದುಕಿಯಾದಳು, ಮಂಡಿ ಹಿಡಿದುಕೊಂಡಿತು. ಈಗ, ಎಷ್ಟೋ ವರ್ಷಗಳ ಮೇಲೆ, ಕೇರಿಯಲ್ಲಿ ಮೊದಲ ಮದುವೆ.

ಮದುಮಗಳು ತೆಯಿಕು. ತಾಯಿ ಸಿಡುಬಿನಲ್ಲಿ ತೀರಿಹೋದಮೇಲೆ ಸೆಂತೆವಾಳೇ ಸಾಕಿದ ಹುಡುಗಿ. ಕೆರೆಯ ತಳದಿಂದ ಕೆಸರೆತ್ತಿ ನೀರಿನ ನಡುವೆ ತೋಟ ಕಟ್ಟುವುದರಲ್ಲಿ ಗಂಡಸರನ್ನೂ ಹಿಂದೆ ಹಾಕುವ ಗಟ್ಟಿಗಿತ್ತಿ. ಯುದ್ಧದಲ್ಲಿ ಕುಸಿದು ನೀರುಪಾಲಾಗಿದ್ದ ಕೇರಿಯ ದಾರಿಯನ್ನೂ ಅವಳೇ ಕೆಸರು ಹೊತ್ತು ಕಟ್ಟಿದ್ದಳು. ಮೈಕಟ್ಟೂ ಕೆಲಸಕ್ಕೆ ತಕ್ಕಂತಿತ್ತು.

“ಇವಳನ್ನ ನೀನು ಹೊರ್ತೀಯಾ? ಮೊದ್ಲು ನಿನ್ನ ಮಂಡೀನ ಒಂದು ಮಾತು ಕೇಳು,” ಎಂದಿದ್ದಳು ಮದುಮಗನ ಅಜ್ಜಿ ನೆಕಾವಾಲ್.

“ನಿನ್ನನ್ನೇ ಹೊತ್ತೋಳು ನಾನು. ಅದಕ್ಕಿಂತ ಭಾರ ಇನ್ನೇನಿದೆ?”

ಬೆಳಿಗ್ಗೆ ಇಗರ್ಜಿಯ ಶಾಸ್ತ್ರ ಮುಗಿಸಿ ಮದುಮಗಳು ಸೆಂತೆವಾಳ ಮನೆಗೆ ಮರಳಿದ್ದಳು. ಸ್ಪೇನಿನ ಪಾದ್ರಿ ಒಳ್ಳೆಯ ಮನುಷ್ಯ. ಮುದುಕಿಗೆ ಕಷ್ಟವೆಂದು ತನ್ನ ಕತ್ತೆಯನ್ನು ಕಳಿಸಿಕೊಟ್ಟಿದ್ದ.

“ನಮ್ಮ ಗೋಡೆ ಕೆಡವಿದೋರ ಪ್ರಾಣಿ ಮೇಲೆ ನನ್ನ ಕೂಸು ಹೋಗಲ್ಲ. ಬೇಕಾದ್ರೆ ಕತ್ತೆ ಹಿಂದೆ ಬರ್ಲಿ, ಊಟ ಮಾಡ್ಕೊಂಡು ಹೋಗ್ಲಿ,” ಎಂದಳು ಸೆಂತೆವಾ.

ಹೊತ್ತು ಮುಳುಗುವಾಗ ಪಂಜು ಹಚ್ಚಿ, ಶಂಖ ಊದಿ ಮೆರವಣಿಗೆ ಹೊರಟಿತು. ಎಷ್ಟೋ ಕಾಲದಿಂದ ನಗು ಮರೆತಿದ್ದ ಕೇರಿ ಬಾಗಿಲಿಗೆ ಬಂದು ನಿಂತು ಹೂ ಎರಚಿತು. ಅರ್ಧ ದಾರಿಯವರೆಗೆ ಸೆಂತೆವಾ ತೆಯಿಕುವನ್ನು ಬೆನ್ನ ಮೇಲೆ ಹೊತ್ತು ರಾಣಿಯ ಹಾಗೆ ನಡೆದಳು. ಅಲ್ಲಿ ಮಂಡಿ ಕೈಕೊಟ್ಟಿತು. ಪಕ್ಕದ ಗೋಡೆ ಹಿಡಿದು ನಿಂತಳು.

“ದಾರಿ ಡೊಂಕು,” ಎಂದು ಗೊಣಗಿದಳು.

“ಕುಣೀಲಾರದೋಳು ನೆಲ ಡೊಂಕು ಅಂದಳಂತೆ,” ಎಂದು ಮದುಮಗನ ಮನೆಯ ಬಾಗಿಲಲ್ಲಿ ನಿಂತಿದ್ದ ನೆಕಾವಾಲ್ ಅಲ್ಲಿಂದಲೇ ಕೂಗಿದಳು.

ಯಾರೋ ಕತ್ತೆಯನ್ನು ಎಳೆತಂದರು. ಅದು ಚೆಂಡುಹೂವಿನ ಹಾರ ಮೇಯುತ್ತಿತ್ತು. ಸೆಂತೆವಾ ಅದನ್ನು ನೋಡಿದಳು, ಕಣ್ಣು ತುಂಬಿ ಬಂತು. ಕೊನೆಗೂ ಈ ಕತ್ತೆಯೇ ಗೆದ್ದಿತಲ್ಲ ಎಂದುಕೊಂಡಳು.

ತೆಯಿಕು ಬೆನ್ನಿನಿಂದ ಜಾರಿ ನೆಲಕ್ಕಿಳಿದೇಬಿಟ್ಟಳು. ಶಂಖ ನಿಂತಿತು. ಅವಳು ಮುದುಕಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತಳು.

“ಹತ್ತಜ್ಜಿ.”

“ಹುಚ್ಚು ಮುಂಡೇದೇ, ಏನು ಮಾಡ್ದೆ? ಮದುವೆ ನಿಲ್ಲಲ್ಲ ಕಣೇ.”

“ಮದುವೇಲಿ ನಮ್ಮಮ್ಮನ್ನ ಹೊತ್ತೆ. ಸಿಡುಬಲ್ಲಿ ಮಲಗಿದ್ದಾಗ ನನ್ನನ್ನ ಹೊತ್ತೆ. ಇನ್ನು ಸಾಕು. ಹತ್ತು.”

ಮದುಮಗಳು ಮುದುಕಿಯನ್ನು ಹೊತ್ತು ಬಾಗಿಲಿಗೆ ಬಂದಳು. ಮದುಮಗ ಮಾತ್ಲಾಲ್ ಮದುಮಗಳ ಉಡುಪಿಗೆ ಗಂಟು ಹಾಕಬೇಕಾದ ತನ್ನ ಹೊದಿಕೆಯ ತುದಿಯನ್ನು ಹಿಡಿದು, ಅಜ್ಜಿ ಏನೆನ್ನುವಳೋ ಎಂದು ಬಿಳಿಚಿಕೊಂಡಿದ್ದ. ನೆಕಾವಾಲ್ ತೆಯಿಕುವಿನ ಕೆಸರುಗಾಲನ್ನೇ ದಿಟ್ಟಿಸಿ ನೋಡಿದಳು.

“ಈ ದಾರಿ ಕಟ್ಟಿದ್ದು ಯಾರು?”

“ನಾನೇ,” ಎಂದಳು ತೆಯಿಕು ಮೆಲ್ಲಗೆ.

“ಹಂಗಾದ್ರೆ ಇದು ನೆಲ ಹೆಂಗಾಗುತ್ತೆ? ಭೂಮ್ತಾಯಿ ಕೊಟ್ಟಿದ್ರೆ ನೆಲ. ಇದು ಈ ಹುಡುಗಿ ಕೈಯಾರೆ ಎತ್ತಿ ಹಾಕಿದ ಕೆಸರು. ತಾನು ಹೊತ್ತಿದ್ದನ್ನ ತಾನೇ ತುಳಿದ್ರೆ ಯಾವ ದೋಷ?” ನೆಕಾವಾಲ್ ಕೇರಿಯ ಕಡೆ ತಿರುಗಿದಳು. “ಯಾರಾದ್ರೂ ಇವಳ ಕಾಲು ನೆಲ ಮುಟ್ಟಿದ್ದು ನೋಡಿದ್ರಾ?”

ಯಾರೂ ನೋಡಿರಲಿಲ್ಲ. ಕೇರಿಗೆ ಕೇರಿಯೇ ನಕ್ಕಿತು.

“ನೀನಿನ್ನು ಇಳಿ ಮಾರಾಯ್ತಿ,” ಎಂದಳು ನೆಕಾವಾಲ್. “ಇಲ್ದಿದ್ರೆ ನನ್ನ ಮೊಮ್ಮಗನಿಗೆ ನಿನ್ನನ್ನೇ ಗಂಟು ಹಾಕ್ಬೇಕಾಗುತ್ತೆ.”

ಮಾರನೆಯ ದಿನದಿಂದ ಸೆಂತೆವಾ ಮತ್ತೆ ಊರಿಗೆಲ್ಲ ಸಾರತೊಡಗಿದಳು: ತಾನು ತಂದ ಒಬ್ಬ ಮದುಮಗಳ ಕಾಲೂ ಇದುವರೆಗೆ ನೆಲ ಮುಟ್ಟಿಲ್ಲ. ಎದುರಿಗೆ ಕೂತ ನೆಕಾವಾಲ್ ಪ್ರತಿ ಸಲವೂ ಹೌದು ಹೌದು ಎನ್ನುತ್ತಿದ್ದಳು.